ಮರಳಿ ಕೊಳ್ಳುವ ಸೋಲು



ಆಟದಲ್ಲಿ ಸೋತವನು ಎದ್ದು ಹೋಗಬೇಕೆಂಬುದು ಲೋಕರೂಢಿ. ಸೋತವನನ್ನು ಏಳಗೊಡದೆ, ‘ಇನ್ನೊಮ್ಮೆ ಅಷ್ಟೇ ಹಣವನ್ನು ಕಟ್ಟಿ ಇಲ್ಲಿಯೇ ಕುಳಿತಿರು’ ಎನ್ನುವ ಆಟವೂ ಒಂದುಂಟೆಂಬುದನ್ನು ನಾವು ಅರಿತದ್ದು ಇತ್ತೀಚೆಗೆ. ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಈಗ ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ಹಳೆಯ ವಿದ್ಯಾರ್ಥಿಯೊಬ್ಬರು ದರ್ಶನಕ್ಕೆ ಬಂದಾಗ, ತಾವು ಕೆಲವು ವರ್ಷಗಳ ಹಿಂದೆ ಆನ್‌ಲೈನಿನಲ್ಲಿ ಪೋಕರ್ ಎಂಬ ಇಸ್ಪೀಟಾಟವನ್ನು ಆಡುತ್ತಿದ್ದ ಸಂಗತಿಯನ್ನು ಸಂಕೋಚದಿಂದಲೇ ತಿಳಿಸಿದರು. ‘50 ರೂಪಾಯಿಯ ಆಟ, ಬುದ್ಧೀ. ಒಂದು ಸಿನಿಮಾಕ್ಕೆ ಹೋದರೆ ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಇದರಲ್ಲಿ ತಪ್ಪೇನು?’ ಎಂಬುದು ಅವರ ಪ್ರಶ್ನೆ. ಜೂಜು ಪಾಪವೆಂದು ಒಂದೇ ಮಾತಿನಲ್ಲಿ ಉತ್ತರಿಸಿ ಕಳುಹಿಸಬಹುದಾಗಿತ್ತು. ಆದರೆ ತಿಳಿಯದುದನ್ನು ಖಂಡಿಸುವುದು ತರ್ಕವನ್ನು ಓದಿದವರಿಗೆ ಶೋಭಿಸದು. ಆದುದರಿಂದ ಮೊದಲು ಆಟವನ್ನು ವಿವರಿಸಿರೆಂದೆವು.

ಅವರು ಆಡುತ್ತಿದ್ದುದು ‘ರೀಬೈ’ ಟೂರ್ನಮೆಂಟು, ಎಂದರೆ ಮರಳಿ ಕೊಳ್ಳುವ ಪಂದ್ಯ. 50 ರೂಪಾಯಿ ಕಟ್ಟಿದವನಿಗೆ 1,500 ಬಿಲ್ಲೆಗಳು ದೊರೆಯುತ್ತವೆಂದು ಇಟ್ಟುಕೊಳ್ಳಿ. ಮೊದಲ ಒಂದು ಗಂಟೆಯೊಳಗೆ ಅವು ಹೋದರೆ, ಮತ್ತೆ 50 ರೂಪಾಯಿಗೆ ಮತ್ತೆ ಅಷ್ಟು ಬಿಲ್ಲೆಗಳು. ಹೀಗೆ ಹಲವು ಬಾರಿ. ಗಂಟೆ ಮುಗಿದಾಗ ‘ಆಡ್-ಆನ್’ ಎಂಬ ಕಡೆಯ ಖರೀದಿ. ಅದರಲ್ಲಿ ಅದೇ ಹಣಕ್ಕೆ ಸಾಮಾನ್ಯವಾಗಿ ಹೆಚ್ಚು ಬಿಲ್ಲೆಗಳು ಬರುತ್ತವೆ. ಅಲ್ಲಿಂದ ಮುಂದೆ ಬಾಗಿಲು ಮುಚ್ಚಿತು, ಸೋತವನು ಹೊರಡಲೇಬೇಕು. ನಡೆಸುವವರ ಪಾಲನ್ನು ಕಳೆದು, ಎಲ್ಲರೂ ಕಟ್ಟಿದ ಹಣವೇ ಕೂಡಿ ಬಹುಮಾನವಾಗುತ್ತದೆ. ಬೇರೆಲ್ಲಿಂದಲೂ ಒಂದು ಕಾಸೂ ಅಲ್ಲಿಗೆ ಬರುವುದಿಲ್ಲ.

ಗೆಲ್ಲುವ ಉಪಾಯವನ್ನೂ ಅವರು ಸ್ಫುಟವಾಗಿ ಹೇಳಿದರು. 50 ರೂಪಾಯಿಯ ಆಟವನ್ನು 50 ರೂಪಾಯಿಯದೆಂದು ತಿಳಿಯುವುದೇ ಮೊದಲ ತಪ್ಪು. ಪ್ರವೇಶ, ಎರಡು ಮೂರು ಮರುಖರೀದಿ, ಕಡೆಯ ಆಡ್-ಆನ್ ಎಲ್ಲ ಸೇರಿ 250 ರೂಪಾಯಿಯವರೆಗೂ ಆಗುತ್ತದೆ. ಅಷ್ಟನ್ನು ಮೊದಲೇ ತೆಗೆದಿಟ್ಟವನು ಮಾತ್ರ ಕೂರಬೇಕು. ಕುಳಿತ ಕೂಡಲೇ, ಸೋಲುವುದಕ್ಕೆ ಮುಂಚೆಯೇ, ನಿಯಮವು ಅವಕಾಶವೀಯುವುದರಿಂದ ಇನ್ನೊಮ್ಮೆ ಕೊಂಡು ಬಿಲ್ಲೆಗಳನ್ನು ಇಮ್ಮಡಿ ಮಾಡಿಕೊಳ್ಳಬೇಕು. ಏಕೆಂದರೆ ಒಳ್ಳೆಯ ಎಲೆ ಬಂದಾಗ ಎದುರಾಳಿಯಿಂದ ಗೆಲ್ಲಬಹುದಾದದ್ದು ನಮ್ಮ ಮುಂದಿರುವಷ್ಟನ್ನು ಮಾತ್ರ. ಆ ಮೊದಲ ಗಂಟೆಯಲ್ಲಿ, ಸೋಲು ಅಗ್ಗವಾದುದರಿಂದ, ಹಲವರು ಯಾವ ಎಲೆ ಬಂದರೂ ಇದ್ದುದೆಲ್ಲವನ್ನೂ ಒಮ್ಮೆಗೇ ಒಡ್ಡುತ್ತಾರೆ. ಜಾಣನು ಅವರಂತೆ ಒಡ್ಡದೆ ಕಾಯುತ್ತಾನೆ. ಎಲೆ ಕೂಡಿದಾಗ ಅವರನ್ನು ಎದುರಿಸುತ್ತಾನೆ. ಹೋದ ಹಣವನ್ನು ಲೆಕ್ಕಕ್ಕೆ ಹಿಡಿಯಕೂಡದು. ಮುಂದಿನ 50 ರೂಪಾಯಿ ತಕ್ಕ ಫಲ ಕೊಡುವುದೇ ಎಂಬುದನ್ನಷ್ಟೇ ನೋಡಬೇಕು. ಬಾಗಿಲು ಮುಚ್ಚಿದ ಮೇಲೆ ನಡೆಯೇ ಬೇರೆ: ಬಿಗಿ ಹಿಡಿದು ಆಡಬೇಕು.

ಇದನ್ನು ಕೇಳುತ್ತ ನಮಗೆ ಆಶ್ಚರ್ಯವೇ ಆಯಿತು. ಮುಂಚಿತವಾಗಿ ಮಿತಿಯನ್ನು ಗೊತ್ತುಪಡಿಸಿಕೊಳ್ಳುವುದು, ಕಾಯುವುದು, ಕಳೆದುದಕ್ಕೆ ಮರುಗದಿರುವುದು, ಇವು ನಾವು ಪ್ರವಚನಗಳಲ್ಲಿ ಹೇಳುತ್ತ ಬಂದ ಗುಣಗಳೇ. ಆದರೆ ಒಂದು ಸೂಕ್ಷ್ಮವಿದೆ. ‘ಹೋದುದು ಹೋಯಿತು, ಇನ್ನೊಂದು 50’ ಎಂಬ ಮಾತನ್ನು ಲೆಕ್ಕ ಬಲ್ಲವನೂ ಆಡುತ್ತಾನೆ, ಸೋಲಿನ ಸಿಟ್ಟಿನಲ್ಲಿ ಬುದ್ಧಿಗೆಟ್ಟವನೂ ಆಡುತ್ತಾನೆ. ಶಬ್ದ ಒಂದೇ, ಆಡುವ ಮನಸ್ಸು ಬೇರೆ. ಅದರಲ್ಲಿಯೂ ತಾನು ಎರಡನೆಯವನೆಂದು ಯಾರಿಗೂ ಆ ಗಳಿಗೆಯಲ್ಲಿ ತೋರದು. ವಿಶ್ವವಿದ್ಯಾನಿಲಯದಲ್ಲಿದ್ದಾಗ ಸಹಪಾಠಿಯೊಡನೆ ಚದುರಂಗಕ್ಕೆ ಕುಳಿತು, ‘ಇನ್ನೊಂದೇ ಆಟ’ ಎನ್ನುತ್ತ ಬೆಳಗು ಮಾಡಿದ ರಾತ್ರಿಗಳು ನಮಗೂ ನೆನಪಿವೆ. ಪಣವಿಲ್ಲದ ಆಟವೇ ಹಾಗೆ ಹಿಡಿದು ಕೂರಿಸಬಲ್ಲುದಾದರೆ, ಉಳಿದುದನ್ನು ನೀವೇ ಊಹಿಸಿಕೊಳ್ಳಬಹುದು.

ಧರ್ಮರಾಯನ ಕಥೆಯನ್ನು ನೋಡಿ. ಮೊದಲ ದ್ಯೂತದಲ್ಲಿ ಕಳೆದುದೆಲ್ಲವನ್ನೂ ಧೃತರಾಷ್ಟ್ರನು ಹಿಂದಿರುಗಿಸಿದನು. ಮರಳಿ ಕರೆಬಂದಾಗ ಆತನು ಮತ್ತೆ ಹೋಗಿ ಕುಳಿತನು. 12 ವರ್ಷ ವನವಾಸ, 1 ವರ್ಷ ಅಜ್ಞಾತವಾಸ ಬಂದದ್ದು ಆ ಎರಡನೆಯ ಸಲ. ಅನಂತರ ಕಾಡಿನಲ್ಲಿ ಬೃಹದಶ್ವ ಮುನಿಯು ನಳನ ಕಥೆಯನ್ನು ಹೇಳಿ ಅಕ್ಷಹೃದಯವೆಂಬ ಪಗಡೆಯ ರಹಸ್ಯವಿದ್ಯೆಯನ್ನು ಆತನಿಗೆ ಉಪದೇಶಿಸಿದನಷ್ಟೆ. ನಳನು ಆ ವಿದ್ಯೆಯಿಂದ ಕಳೆದ ರಾಜ್ಯವನ್ನು ಗೆದ್ದನು. ಧರ್ಮರಾಯನಾದರೋ ಕಂಕನಾಗಿ ವಿರಾಟನಿಗೆ ಪಗಡೆಯ ಜೊತೆಗಾರನಾದನೇ ಹೊರತು, ರಾಜ್ಯವನ್ನು ಮರಳಿ ಪಡೆಯಲು ದಾಳಗಳನ್ನು ಹಿಡಿಯಲಿಲ್ಲ. ವಿದ್ಯೆಯು ಕೈವಶವಾದ ಮೇಲೆಯೂ ಅದನ್ನು ಆ ಕೆಲಸಕ್ಕೆ ಬಳಸದಿದ್ದುದನ್ನು ಗಮನಿಸಬೇಕು.

‘ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ’ ಎಂಬ ವಾದವು ನ್ಯಾಯಾಲಯಗಳವರೆಗೂ ಹೋಗಿದೆ. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ತಂದ ತಿದ್ದುಪಡಿಯ ಸಂಬಂಧಪಟ್ಟ ಭಾಗಗಳನ್ನು ನಮ್ಮ ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು, ಕೌಶಲ ಅದೃಷ್ಟಗಳೆಂಬ ಭೇದವನ್ನೇ ಎಣಿಸದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಾನೂನಿನ ಮಾತು ಹಾಗಿರಲಿ. ಕೌಶಲವಿದ್ದರೆ ದೋಷ ಕಡಮೆಯೆಂಬುದು ನಮಗೆ ಒಪ್ಪಿಗೆಯಿಲ್ಲ. ಬರಿಯ ಅದೃಷ್ಟದಲ್ಲಿ ಇಬ್ಬರೂ ಸಮಾನ ಕುರುಡರು. ಕೌಶಲವಿರುವೆಡೆ ಬಲ್ಲವನು ಅರಿಯದವನ ಎದುರಿಗೆ, ಅವನು ಅರಿಯನೆಂದು ತಿಳಿದೇ ಕೂರುತ್ತಾನೆ. (ವ್ಯಾಪಾರದಲ್ಲಿಯೂ ಹೀಗೆ ನಡೆಯುವುದಿಲ್ಲವೇ ಎಂದು ಕೇಳುವಿರಿ. ನಡೆಯುತ್ತದೆ; ಅಲ್ಲಿಯೂ ಈ ಮಾತು ಸಲ್ಲುತ್ತದೆ.) ಅಮೆರಿಕದ ಲಾಸ್ ವೇಗಾಸ್‌ನಲ್ಲಿ ನಡೆಯುವ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಪಂದ್ಯಾವಳಿಯಲ್ಲಿಯೇ, ಹಣವುಳ್ಳವರು ಮತ್ತೆ ಮತ್ತೆ ಕೊಂಡು ಗೆಲುವನ್ನೇ ಖರೀದಿಸುತ್ತಾರೆಂಬ ಆಕ್ಷೇಪವೆದ್ದು, 2009ರಲ್ಲಿ ರೀಬೈ ಪಂದ್ಯಗಳನ್ನು ಕೈಬಿಟ್ಟರು. ಜೂಜಿನ ಮನೆಯವರಿಗೇ ಇರಿಸುಮುರಿಸಾದ ಸಂಗತಿಯಿದು!

ಮೊತ್ತವು ಚಿಕ್ಕದೆಂಬ ಸಮಾಧಾನವೂ ಸಾಲದು. ನಮ್ಮ ವಿದ್ಯಾರ್ಥಿಯ ಸಂಯಮ ನಿಜವಾದುದೇ. ಅವರು ಮಿತಿಯನ್ನು ಮೀರಿದವರಲ್ಲ. ಆದರೆ ಆ ಸಂಯಮಕ್ಕೆ ಫಲ ಬರಬೇಕಾದರೆ ಅದೇ ಮೇಜಿನಲ್ಲಿ ಸಂಯಮವಿಲ್ಲದವನೊಬ್ಬನು ಇರಲೇಬೇಕು. ಎಲ್ಲರೂ ಇವರಂತೆಯೇ ಆಡಿದರೆ ಲಾಭವಾಗುವುದು ನಡೆಸುವವರಿಗೆ ಮಾತ್ರ. ಒಬ್ಬನ ಇಂದ್ರಿಯನಿಗ್ರಹವು ಇನ್ನೊಬ್ಬನ ಅನಿಗ್ರಹವನ್ನು ಬಯಸುವಂತಾದರೆ ಅದನ್ನು ಸದ್ಗುಣವೆಂದು ಕರೆಯಬಹುದೇ? ನಿಮ್ಮ ಮನೆಗಳಲ್ಲಿಯೂ ಲೆಕ್ಕ ಬಲ್ಲ ಮಕ್ಕಳಿದ್ದಾರೆ; ಅವರೊಡನೆ ಕುಳಿತು ಈ ಪ್ರಶ್ನೆಯನ್ನು ಆಲೋಚಿಸಿ.

ನಾವು ಇದನ್ನು ಕೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ರಾತ್ರಿಯ ವಿಷಯವನ್ನು ಹೇಳಿದರು. ಅಂದು ಅವರಿಗೆ ಮೂರನೆಯ ಬಹುಮಾನ ಬಂದಿತ್ತು. ಅದೇ ಮೇಜಿನಲ್ಲಿ ಒಂದು ಹೆಸರು ಆ ಒಂದು ಗಂಟೆಯಲ್ಲಿ 11 ಬಾರಿ ಮರಳಿ ಕೊಂಡಿತಂತೆ. ಆ ಬಿಲ್ಲೆಗಳಲ್ಲಿ ಬಹುಪಾಲು ಇವರ ಕಡೆಗೇ ಬಂದವಂತೆ.

‘ಆತ ಯಾರು?’ ಎಂದೆವು.

‘ಗೊತ್ತಿಲ್ಲ, ಬುದ್ಧೀ. ಮಾರನೆಯ ರಾತ್ರಿ ಆ ಹೆಸರು ಬಂದಿದೆಯೇ ಎಂದು ಹುಡುಕಿದೆ.’ ಸ್ವಲ್ಪ ತಡೆದು, ‘ಮರುಕದಿಂದಲ್ಲ. ಅವನಿದ್ದ ಮೇಜಿನಲ್ಲಿಯೇ ಕೂರಬೇಕೆಂದು’ ಎಂದರು.

ಅವರು ಆಟವನ್ನು ಬಿಟ್ಟದ್ದು ಅದಾಗಿ ಎಷ್ಟೋ ತಿಂಗಳ ಮೇಲೆ.