ಮನೆ ಯಾರದು, ಲಾಭ ಯಾರದು?

ಶಿರಸಿ–ಸಿದ್ದಾಪುರ ರಸ್ತೆಯ ಕಾನಸೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪರಿಚಯದ ಹುಡುಗನೊಬ್ಬ ಸಿಕ್ಕ, ಗಾರೆ ಕೆಲಸದವನ ಮಗ. "ಹಳೇ ಮನೆಯೊಂದು ಹನ್ನೆರಡು ಲಕ್ಷಕ್ಕೆ ಸಿಗ್ತದೆ ಸರ್. ರಿಪೇರಿ ಮಾಡಿ ಇಪ್ಪತ್ತೈದಕ್ಕೆ ಮಾರ್ತೇನೆ. ತಪ್ಪಾ?" ಅಂದ. ಆಗ ಉತ್ತರ ಹೇಳಲಾಗಲಿಲ್ಲ.

ತಪ್ಪು ಅನ್ನುವ ಮೊದಲು ಅವನ ಕಷ್ಟ ನೋಡಬೇಕು. ಒಂದು ಮಳೆಗಾಲ ಬೀಗ ಹಾಕಿಟ್ಟರೆ ಸಾಕು, ಹೆಂಚು ಸರಿಯುತ್ತದೆ, ಪಕಾಸು ಕೊಳೆಯುತ್ತದೆ, ಬಾಗಿಲಿಗೆ ಗೆದ್ದಲು ಹತ್ತುತ್ತದೆ. ನಾಲ್ಕು ಲಕ್ಷದ ರಿಪೇರಿ ಏಳಕ್ಕೆ ಹೋಗುತ್ತದೆ. ಗಿರಾಕಿ ಸಿಗುವ ತನಕ ಬಡ್ಡಿ ನಿಲ್ಲುವುದಿಲ್ಲ. ಮುದ್ರಾಂಕ ಶುಲ್ಕ ಬೇರೆ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ. 24 ತಿಂಗಳೊಳಗೆ ಮಾರಿದರೆ ಅಲ್ಪಾವಧಿ ಲಾಭದ ತೆರಿಗೆ. ದೊಡ್ಡ ಕುಳಗಳು ತಾಳಿಕೊಳ್ಳುತ್ತವೆ, ಸಣ್ಣವನು ಮುಳುಗುತ್ತಾನೆ.

ಆದರೆ ಹನ್ನೆರಡು ಇಪ್ಪತ್ತೈದಾಗುವುದು ಹೇಗೆ? ಗಾರೆ, ಮರಗೆಲಸ, ಬಣ್ಣ ಇವೆಲ್ಲ ದುಡಿಮೆ. ಅದರ ಕೂಲಿ ನ್ಯಾಯವೇ. ಉಳಿದದ್ದು ರಸ್ತೆ, ಬಸ್ಸು, ಶಾಲೆ ತಂದ ಬೆಲೆ. ಅದು ಊರಿಗೇ ಸೇರಿದ್ದು. ಇನ್ನು, ಚಿರೆಕಲ್ಲು ಹೊತ್ತು ಇಂಥ ಗೋಡೆ ಎಬ್ಬಿಸಿದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯನ್ನು ಜಗಲಿ ದಾಟಲು ಬಿಟ್ಟಿದ್ದರು?

1974ರ ಭೂಸುಧಾರಣೆ ಉಳುವವನೇ ಹೊಲದೊಡೆಯ ಎಂದಿತು. ಅದೇ ಕಾಯ್ದೆಯ 38ನೇ ಕಲಮು ಪರರ ಜಾಗದಲ್ಲಿ ವಾಸವಿದ್ದ ಕೃಷಿ ಕೂಲಿಗೆ ಆ ಮನೆಯ ಹಕ್ಕು ಕೊಟ್ಟಿತು. ದುಡಿದವನಿಗೆ ನೆಲ, ಬಾಳಿದವನಿಗೆ ಮನೆ. ಆದರೆ ಕಾಡೇ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಅರಣ್ಯಭೂಮಿಯ ಮೇಲೆ ಮನೆ ಕಟ್ಟಿಕೊಂಡವರ ಪಾಡೇನು? 2006ರ ಅರಣ್ಯ ಹಕ್ಕು ಕಾಯ್ದೆ, ಪರಿಶಿಷ್ಟ ಪಂಗಡದವರಲ್ಲದಿದ್ದರೆ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷದ ಪುರಾವೆ ಕೇಳುತ್ತದೆ. ದಲಿತನಿಗೂ ಅದೇ ಷರತ್ತು. ಅಕ್ಷರ ಕಲಿಯಲು ಬಿಡದ ಕಾಲದ ಅಜ್ಜ ಯಾವ ಕಾಗದ ಬಿಟ್ಟುಹೋಗಿದ್ದಾನು?

ಬಾಳುವವನ ಬಳಿ ಕಾಗದವಿಲ್ಲ. ಕಾಗದವಿರುವವನು ಅಲ್ಲಿ ಬಾಳುವುದಿಲ್ಲ. ಬೀಗ ಹಾಕಿದ ಮನೆ ಕೈಯಿಂದ ಕೈಗೆ ಹೋಗಿ ಬೆಲೆ ಏರುತ್ತದೆ. ಅಲ್ಲೇ ಪಕ್ಕದ ಕೂಲಿಯವನಿಗೆ, ಬಾಡಿಗೆಗಿರುವ ಮೇಷ್ಟರಿಗೆ ಅದು ಕೈಗೆಟುಕುವುದಿಲ್ಲ.

ಹುಡುಗನಿಗೆ ಈಗ ಹೇಳುತ್ತೇನೆ: ತಮ್ಮಾ, ಬೀಳುವ ಮನೆಯನ್ನು ನಿಲ್ಲಿಸುವುದು ತಪ್ಪಲ್ಲ. ಕೆಲಸದವರಿಗೆ ಪೂರ್ತಿ ಕೂಲಿ ಕೊಡು, ನಿನ್ನದನ್ನೂ ತಗೋ. ಮಾರುವಾಗ ಜಾತಿ ಕೇಳಬೇಡ. ಅದರಲ್ಲಿ ಒಲೆ ಹಚ್ಚುವವರಿಗೆ ಕೊಡು, ಮತ್ತೊಂದು ಬೀಗ ಹಾಕುವವರಿಗಲ್ಲ. ಅಷ್ಟು ಮಾಡಿದರೆ ಲಾಭ ಕಡಿಮೆಯಾದೀತು. ಆದರೆ ಆ ಮನೆ ಮನೆಯಾಗಿ ಉಳಿದೀತು.