ಮಾಡದ ತಪ್ಪಿನ ಕಂತು

ಬಳ್ಳಾರಿಯ ಶೋರೂಮುಗಳಲ್ಲಾಗಲಿ, ಸಿರುಗುಪ್ಪ, ಕುರುಗೋಡಿನ ಏಜೆಂಟರ ಬಾಯಲ್ಲಾಗಲಿ ‘ಫುಲ್ ಇನ್ಶೂರೆನ್ಸ್’ ಎನ್ನಿಸಿಕೊಳ್ಳುವುದು ಎರಡು ವಿಮೆಗಳ ಜೋಡಿ. ಮೊದಲನೆಯದು ಥರ್ಡ್ ಪಾರ್ಟಿ: ಕಾರು ಗುದ್ದಿ ಸತ್ತವರಿಗೆ, ಗಾಯಗೊಂಡವರಿಗೆ ಪರಿಹಾರ ಕೊಡುವಂಥದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದಿಲ್ಲದೆ ಗಾಡಿ ರಸ್ತೆಗಿಳಿಸುವಂತಿಲ್ಲ. ಎರಡನೆಯದು ಸ್ವಂತ ಕಾರಿಗೆ ಆಗುವ ಹಾನಿ, ಕಳವು, ಬೆಂಕಿ, ಪ್ರವಾಹಕ್ಕೆ ಸಂಬಂಧಿಸಿದ್ದು. ಇದನ್ನು ಮಾಡಿಸುವುದು, ಬಿಡುವುದು ಮಾಲೀಕನ ಇಷ್ಟ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಊರೊಳಗೆ ನುಗ್ಗಿದ್ದನ್ನು ಕಂಡ ಸಿರುಗುಪ್ಪ ಸೀಮೆಯವರಿಗೆ ‘ಪ್ರವಾಹ’ ಎಂಬ ಮಾತು ಪಾಲಿಸಿಯಲ್ಲಿ ಯಾಕಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಜೋಡಿಗೆ ಇಪ್ಪತ್ತೆರಡರ ಹುಡುಗ ಎಷ್ಟು ಕಟ್ಟಬೇಕು, ಐವತ್ತೆರಡರ ಅಪ್ಪ ಎಷ್ಟು ಕಟ್ಟಬೇಕು ಎಂಬ ಲೆಕ್ಕದ ಒಳಗೆ ಒಂದು ಧರ್ಮದ ಪ್ರಶ್ನೆ ಅಡಗಿದೆ. ತನ್ನ ವಯಸ್ಸಿನವರು ಹೆಚ್ಚು ಗುದ್ದುತ್ತಾರೆ ಎಂಬ ಒಂದೇ ಕಾರಣಕ್ಕೆ, ಇನ್ನೂ ಯಾರಿಗೂ ಗುದ್ದದವನಿಂದ ಮುಂಗಡ ದಂಡ ವಸೂಲಿ ಮಾಡುವುದು ನ್ಯಾಯವೆ?

ಭಾರತದ ಉತ್ತರ ತುಸು ವಿಚಿತ್ರವಾಗಿದೆ. ಥರ್ಡ್ ಪಾರ್ಟಿ ಕಂತನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಇಲ್ಲಿ ಎಂಜಿನ್ನಿನ ಗಾತ್ರ ಕೇಳುತ್ತಾರೆ, ಚಾಲಕನ ವಯಸ್ಸು ಕೇಳುವುದಿಲ್ಲ. ಸ್ವಂತ ಹಾನಿಯ ವಿಮೆಗೆ ಹಳೆಯ ಇಂಡಿಯಾ ಮೋಟಾರ್ ಟ್ಯಾರಿಫ್ ನೋಡುತ್ತಿದ್ದದ್ದು ಕಾರಿನ ಬೆಲೆ, ಅದರ ವಯಸ್ಸು, ಎಂಜಿನ್ ಮತ್ತು ನೋಂದಣಿಯಾದ ಊರು. ಬೆಂಗಳೂರು ಸೇರಿ ಎಂಟು ಮಹಾನಗರಗಳು ‘ಎ’ ವಲಯ, ಉಳಿದ ದೇಶವೆಲ್ಲ ‘ಬಿ’ ವಲಯ; ಕೆಎ-34 ಫಲಕದ ಬಳ್ಳಾರಿ ಗಾಡಿಗಳು ‘ಬಿ’ಗೆ ಸೇರಿದವು, ಹಾಗಾಗಿ ಕೊಂಚ ಅಗ್ಗ. 2007ರ ಜನವರಿ 1ರಿಂದ ಈ ದರ ಮುಕ್ತವಾಗಿದೆ. ಕಂಪನಿಗಳು ಬೇಕಾದಷ್ಟು ರಿಯಾಯಿತಿ ಕೊಡುತ್ತವೆ, ಬೇಕಾದ ಅಂಶಗಳನ್ನು ಎಣಿಕೆಗೆ ತೆಗೆದುಕೊಳ್ಳುತ್ತವೆ. ಆದರೂ ಹಳೆಯ ಚೌಕಟ್ಟು ಪೂರ್ತಿ ಅಳಿದಿಲ್ಲ.

ಹಾಗಾದರೆ ಅಪ್ಪ ಮಗ ಇಬ್ಬರಿಗೂ ಒಂದೇ ಕಂತೆ? ಅಲ್ಲ. ಒಂದು ಉದಾಹರಣೆ ನೋಡಬಹುದು. ಮೂರು ವರ್ಷ ತುಂಬಿದ 1197 ಸಿಸಿ ಕಾರು, ಪಾಲಿಸಿಯಲ್ಲಿ ನಮೂದಾದ ಬೆಲೆ 5 ಲಕ್ಷ. ಹಳೆಯ ಟ್ಯಾರಿಫಿನ ‘ಬಿ’ ವಲಯದ 3.191% ದರದಲ್ಲಿ ಸ್ವಂತ ಹಾನಿಯ ಕಂತು 15,955 ರೂಪಾಯಿ. ಥರ್ಡ್ ಪಾರ್ಟಿಯ 3,416 ಸೇರಿಸಿ, 18% ಜಿಎಸ್‌ಟಿ ಹಾಕಿದರೆ 22,858. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಮೊದಲ ಸಲ ತನ್ನ ಹೆಸರಲ್ಲಿ ಪಾಲಿಸಿ ಮಾಡಿಸುವ ಹುಡುಗನ ಲೆಕ್ಕ ಇದು. ಅದೇ ಕಾರು ಅಪ್ಪನ ಹೆಸರಲ್ಲಿದ್ದು, ಅಪ್ಪ ಐದು ವರ್ಷ ಕ್ಲೇಮ್ ಮಾಡದೆ 50% ನೋ ಕ್ಲೇಮ್ ಬೋನಸ್ ಗಳಿಸಿದ್ದರೆ ಸ್ವಂತ ಹಾನಿಯ ಕಂತು ಅರ್ಧಕ್ಕಿಳಿದು, ಒಟ್ಟು 13,444 ಆಗುತ್ತದೆ. ಕಂಪನಿಯ ರಿಯಾಯಿತಿ, ಆ್ಯಡ್-ಆನ್‌ಗಳು, ಮಾಲೀಕ-ಚಾಲಕನ ಅಪಘಾತ ವಿಮೆ ಇವನ್ನೆಲ್ಲ ಬಿಟ್ಟರೂ 9,400 ರೂಪಾಯಿಗೆ ಮೇಲ್ಪಟ್ಟ ಅಂತರ. ಹುಡುಗ ಇಷ್ಟು ಹೆಚ್ಚು ತೆರುವುದು ಎಳೆಯನೆಂಬ ಕಾರಣಕ್ಕಲ್ಲ, ಅವನ ಖಾತೆ ಖಾಲಿಯೆಂಬ ಕಾರಣಕ್ಕೆ. ನಲವತ್ತೈದರಲ್ಲಿ ಮೊದಲ ಕಾರು ಕೊಂಡವನೂ ಅಷ್ಟೇ ತೆರುತ್ತಾನೆ.

ವಯಸ್ಸಿಗೂ ಖಾತೆಗೂ ಇರುವ ಈ ವ್ಯತ್ಯಾಸ ಸಣ್ಣದಲ್ಲ. ಕರ್ಮಫಲವನ್ನು ಕುರಿತು ವಾದ ಹೂಡಿದ ಭಾರತೀಯ ದಾರ್ಶನಿಕರು ಎದುರಾಳಿಯ ಸಿದ್ಧಾಂತದಲ್ಲಿ ಎರಡು ದೋಷಗಳನ್ನು ಹುಡುಕುತ್ತಿದ್ದರು. ಮಾಡದ ಕೆಲಸದ ಫಲ ತಲೆಗೆ ಬಂದರೆ ಅದು ಅಕೃತಾಭ್ಯಾಗಮ. ಮಾಡಿದ ಕೆಲಸದ ಫಲ ಕೈತಪ್ಪಿದರೆ ಕೃತನಾಶ. ನೈಯಾಯಿಕರು, ವೇದಾಂತಿಗಳು, ಜೈನರು ಎಲ್ಲರೂ ಈ ಅಳತೆಗೋಲು ಬಳಸಿದ್ದಾರೆ. ಇದನ್ನು ವಿಮೆಗೆ ಹಿಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ವಯಸ್ಸು ನೋಡಿ ಕಂತು ಏರಿಸುವುದು ಅಕೃತಾಭ್ಯಾಗಮ: ಬೇರೆಯವರು ಮಾಡಿದ ಅಪಘಾತದ ಫಲ ಇವನ ತಲೆಗೆ. ನೋ ಕ್ಲೇಮ್ ಬೋನಸ್ ಕರ್ಮಸಿದ್ಧಾಂತಕ್ಕೆ ಹತ್ತಿರದ ವ್ಯವಸ್ಥೆ. ಮೊದಲ ವರ್ಷ ಕ್ಲೇಮ್ ಮಾಡದಿದ್ದರೆ 20%, ಆಮೇಲೆ 25, 35, 45, ಕೊನೆಗೆ 50. ಅವರವರು ಗಳಿಸಿದ್ದು ಅವರವರಿಗೆ. ಆದರೆ ಪಾಲಿಸಿಯ ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಗಳಿಸಿದ್ದೆಲ್ಲ ಸೊನ್ನೆ. ಐದು ವರ್ಷದ ಜೋಪಾನ ಒಂದು ಮರೆವಿಗೆ ಕರಗುತ್ತದೆ. ಇದು ಕೃತನಾಶ, ಅದೂ ಅಪಘಾತವೇ ಇಲ್ಲದೆ.

ಬೋನಸ್ ಕಾರಿನದಲ್ಲ, ಮಾಲೀಕನದು. ಕಾರು ಮಾರಿದರೂ ಅದು ಅವನ ಜತೆ ಹೊಸ ಕಾರಿಗೆ ಬರುತ್ತದೆ. ಬೇರೆಯವರಿಗೆ ಕೊಡಲು ಬರುವುದಿಲ್ಲ. ಆದರೆ ಒಂದು ಮುಖ್ಯ ವಿನಾಯಿತಿ ಇದೆ: ಮಾಲೀಕ ತೀರಿಕೊಂಡು ಗಾಡಿ ಹೆಂಡತಿಗೋ ಮಗನಿಗೋ ತಂದೆತಾಯಿಗೋ ಹೋದರೆ ಬೋನಸ್ಸೂ ಹೋಗುತ್ತದೆ. ಸಾಯುವ ತಂದೆ ತನ್ನ ಕರ್ಮಗಳನ್ನು ಮಗನಿಗೆ ಒಪ್ಪಿಸುವ ಸಂಪ್ರತ್ತಿ ಎಂಬ ವಿಧಿ ಬೃಹದಾರಣ್ಯಕ ಮತ್ತು ಕೌಷೀತಕಿ ಉಪನಿಷತ್ತುಗಳಲ್ಲಿದೆ. ಟ್ಯಾರಿಫ್ ಬರೆದ ಅಧಿಕಾರಿಗಳು ಅದನ್ನು ಓದಿರಲಾರರು. ಆದರೂ ದಾರಿ ಒಂದೇ ಆಗಿದೆ.

ಬೇರೆ ದೇಶಗಳು ವಯಸ್ಸನ್ನು ಇಷ್ಟು ಸುಲಭವಾಗಿ ಬಿಟ್ಟಿಲ್ಲ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹದಿನಾರು ಹದಿನೇಳರ ಮಗನನ್ನು ಪಾಲಿಸಿಗೆ ಸೇರಿಸಿದೊಡನೆ ಕಂತು ಜಿಗಿಯುವುದು ಅಲ್ಲಿನ ಕನ್ನಡ ಮನೆಗಳಿಗೂ ಗೊತ್ತಿರುವ ಸಂಗತಿ. ಆದರೆ ಹವಾಯಿ ರಾಜ್ಯ ವಯಸ್ಸಿನ ಮೇಲೆ ದರ ಕಟ್ಟುವುದನ್ನೇ ನಿಷೇಧಿಸಿದೆ. ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ ಒಪ್ಪಿದ 103ನೇ ಪ್ರಸ್ತಾವ ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಅನುಭವದ ವರ್ಷ ಈ ಮೂರಕ್ಕೆ ಅಗ್ರಸ್ಥಾನ ಕೊಟ್ಟಿತು. ಯುರೋಪಿನ ನ್ಯಾಯಾಲಯ 2011ರ ಮಾರ್ಚ್ 1ರ ಟೆಸ್ಟ್-ಅಶಾ ತೀರ್ಪಿನಲ್ಲಿ ಗಂಡು ಹೆಣ್ಣೆಂದು ಬೇರೆ ಬೇರೆ ಕಂತು ಕೂಡದು ಎಂದಿತು. ವಯಸ್ಸಿನ ಭೇದ ಮಾತ್ರ ಅಲ್ಲಿ ಇಂದಿಗೂ ಉಳಿದಿದೆ.

ವಯಸ್ಸಿನ ಪರವಾಗಿ ಇರುವ ಗಟ್ಟಿ ವಾದ ಇದು: ಹುಟ್ಟಿದ ಜಾತಿ, ಲಿಂಗ ಬದಲಾಗುವುದಿಲ್ಲ, ಪ್ರಾಯ ಎಲ್ಲರಿಗೂ ಬಂದು ಹೋಗುತ್ತದೆ. ಇವತ್ತು ಹೆಚ್ಚು ಕೊಟ್ಟವನು ನಾಳೆ ಕಡಿಮೆ ಕೊಡುತ್ತಾನೆ, ಒಟ್ಟು ಬಾಳಿನಲ್ಲಿ ಸರಿದೂಗುತ್ತದೆ. ಕೇಳಲು ಚೆನ್ನಾಗಿದೆ, ಆದರೆ ಎಲ್ಲರೂ ಒಂದೇ ವಯಸ್ಸಿಗೆ ಸ್ಟೀರಿಂಗ್ ಹಿಡಿಯುವುದಿಲ್ಲ. ಕಾಲೇಜು ಮುಗಿಸಿ, ನೌಕರಿ ಹಿಡಿದು, ಮೂವತ್ತೈದಕ್ಕೆ ಕಾರು ಕೊಳ್ಳುವವನು ಆ ಹೆಚ್ಚುವರಿಯನ್ನು ಕೊಡುವುದೇ ಇಲ್ಲ. ಹತ್ತೊಂಬತ್ತಕ್ಕೆ ಸ್ಟೀರಿಂಗ್ ಹಿಡಿಯುವವನು ಹೆಚ್ಚಾಗಿ ಡ್ರೈವರನ ಮಗ, ಇಲ್ಲವೆ ಅಂಗಡಿಯ ಸರಕು ಸಾಗಿಸುವ ಹುಡುಗ. ವಯಸ್ಸಿನ ದರ ಬಳ್ಳಾರಿಗೆ ಬಂದರೆ ಅದರ ಭಾರ ಬೀಳುವುದು ಇಂಥವರ ಮೇಲೆ.

ಅಂಕಿಅಂಶದ ಮಾತೂ ಎಚ್ಚರದಿಂದ ಆಡಬೇಕಾದದ್ದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ ಬಲಿಯಾದವರಲ್ಲಿ 66.5% ಮಂದಿ 18ರಿಂದ 45ರ ನಡುವಿನವರು. ಇದನ್ನು ಎಳೆಯರ ಮೇಲಿನ ಆರೋಪಪಟ್ಟಿಯೆಂಬಂತೆ ಓದುವವರಿದ್ದಾರೆ. ಆದರೆ ಇದು ಸತ್ತವರ ಪಟ್ಟಿ, ಗುದ್ದಿದವರದಲ್ಲ.

ಸತ್ತವರ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಕಾನೂನು ವಯಸ್ಸನ್ನು ಬಹಳ ಕಟ್ಟುನಿಟ್ಟಾಗಿ ಎಣಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಪರಿಹಾರದ ಗುಣಕಗಳನ್ನು ನಿಗದಿ ಮಾಡಿತು. ಸತ್ತವನಿಗೆ 15ರಿಂದ 25 ವರ್ಷವಾಗಿದ್ದರೆ ಅವನ ವಾರ್ಷಿಕ ಆದಾಯದಲ್ಲಿ ಸ್ವಂತ ಖರ್ಚು ಕಳೆದು ಉಳಿದದ್ದನ್ನು 18ರಿಂದ ಗುಣಿಸಬೇಕು. 51ರಿಂದ 55 ಆಗಿದ್ದರೆ 11ರಿಂದ. ಬಳ್ಳಾರಿಯ ಜಿಲ್ಲಾ ನ್ಯಾಯಾಲಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಾಗಿ ಕುಳಿತಾಗ ಹಿಡಿಯುವುದೂ ಈ ಗುಣಕವನ್ನೇ. ಹೀಗೆ ಕಂತು ಕಟ್ಟುವಾಗ ಲೆಕ್ಕಕ್ಕಿಲ್ಲದ ಎಳೆತನ, ಗುದ್ದಿಸಿಕೊಂಡು ಸತ್ತಾಗ ಲೆಕ್ಕಕ್ಕೆ ಬರುತ್ತದೆ. ಇದು ಅಸಂಗತವಲ್ಲ. ಕಂತು ಕೇಳುವುದು ಮುಂದೆ ಏನಾದೀತು ಎಂಬ ಊಹೆಯ ಮೇಲೆ, ಪರಿಹಾರ ಕೊಡುವುದು ಆಗಿಹೋದ ನಷ್ಟದ ಮೇಲೆ. ಊಹೆಯಲ್ಲಿ ವಯಸ್ಸನ್ನು ಬಿಟ್ಟು ನಷ್ಟದಲ್ಲಿ ಹಿಡಿಯುವುದೇ ಸರಿ.

ಹಾಗಿದ್ದರೂ ಕಲಿಯದ ಕೈಯ ಅಪಾಯ ಸುಳ್ಳಲ್ಲ. ಅದರ ಬೆಲೆಯನ್ನು ಯಾರಾದರೂ ಹೊರಲೇಬೇಕು. ಧರ್ಮಶಾಸ್ತ್ರ ಇದಕ್ಕೆ ಕೊಟ್ಟ ಉತ್ತರ ಗಮನಾರ್ಹ. ಮನುಸ್ಮೃತಿಯ ಎಂಟನೇ ಅಧ್ಯಾಯ ಗಾಡಿಯ ಅಪಘಾತಗಳನ್ನು ವಿಚಾರಿಸುತ್ತದೆ. ಎತ್ತಿನ ಮೂಗುದಾಣ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಗಾಲಿ ಮುರಿದರೆ, ‘ದಾರಿ ಬಿಡಿ’ ಎಂದು ಸಾರಥಿ ಕೂಗಿ ಹೇಳಿದ್ದರೆ ದಂಡವಿಲ್ಲ. ಇಂಥ ಹತ್ತು ವಿನಾಯಿತಿಗಳಿವೆ. ಆಮೇಲೆ ಬರುತ್ತದೆ ಮುಖ್ಯ ವಿಷಯ. ಸಾರಥಿ ನುರಿತವನಾಗಿದ್ದೂ ತಪ್ಪಿದರೆ ದಂಡ ಅವನಿಗೆ. ನುರಿಯದವನಿಂದ ಗಾಡಿ ದಾರಿ ತಪ್ಪಿ ಹಾನಿಯಾದರೆ ದಂಡ ಗಾಡಿಯ ಒಡೆಯನಿಗೆ, ಇನ್ನೂರು ಪಣ. ಅಂಥವನ ಗಾಡಿ ಹತ್ತಿ ಕೂತವರಿಗೂ ನೂರು ನೂರು. ಕಲಿಯದವನ ತಪ್ಪು ಅವನಿಗೆ ಗಾಡಿ ಕೊಟ್ಟವನದು ಎಂಬ ಈ ವಿವೇಕ ಹಳೆಯ ಪುಸ್ತಕದಲ್ಲೇ ಉಳಿಯಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 199ಎ ಸೆಕ್ಷನ್ ಪ್ರಕಾರ ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಎಸಗಿದರೆ ಪೋಷಕ ಅಥವಾ ಮಾಲೀಕನೇ ತಪ್ಪಿತಸ್ಥ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದೋ ಸಾಬೀತು ಮಾಡಿದರೆ ಮಾತ್ರ ಪೋಷಕ ಪಾರು.

ಈ ಸೀಮೆಗೆ ಅಪ್ಪ-ಮಗನ ಲೆಕ್ಕ ಹೊಸದಲ್ಲ. ಬಲ್ಲಕುಂದೆ ನಾಡನ್ನು ಕುರುಗೋಡಿನಿಂದ ಆಳಿದ ಸಿಂದರು ಕಲ್ಯಾಣದ ಚಾಲುಕ್ಯರ ಸಾಮಂತರು. ಅದೇ ಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆ ಪದ್ಧತಿಯಲ್ಲಿ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅದರ ಜತೆಗೇ ಅಪ್ಪನ ಸಾಲ ತೀರಿಸುವ ಧಾರ್ಮಿಕ ಹೊಣೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಆ ಹೊಣೆಯನ್ನು ತೆಗೆದುಹಾಕಿತು. ಕಾರಿನ ವಿಷಯದಲ್ಲಿ ಹೊಣೆ ತಿರುಗುಮುರುಗಾಗಿ ಹರಿಯುತ್ತದೆ: ಗಾಡಿ, ಪಾಲಿಸಿ, ಬೋನಸ್ ಎಲ್ಲ ಅಪ್ಪನ ಹೆಸರಲ್ಲಿ, ಓಡಿಸುವವನು ಮಗ. ಮಗ ಒಮ್ಮೆ ಗುದ್ದಿ ಕ್ಲೇಮ್ ಮಾಡಿದರೆ ಕರಗುವುದು ಅಪ್ಪನ ಐದು ವರ್ಷದ ಪುಣ್ಯ. ಎಳೆಯ ಚಾಲಕನ ನಿಜವಾದ ಕಂತು ಎಷ್ಟೋ ಮನೆಗಳಲ್ಲಿ ಹೀಗೆ ಅಪ್ಪನ ಖಾತೆಯಿಂದ ಸಂದಾಯವಾಗುತ್ತದೆ. ಹೊಣೆ ಕೀಲಿಕೈ ಕೊಟ್ಟವನದು ಎನ್ನುವುದಾದರೆ ಇದರಲ್ಲಿ ಅನ್ಯಾಯವೇನಿಲ್ಲ.

ಥರ್ಡ್ ಪಾರ್ಟಿಯ ಭಾಗ ಬೇರೆ ಜಾತಿಯದು. ಅಲ್ಲಿ ಕಂತು ಕಟ್ಟಿದವನಿಗೆ ಗುದ್ದಿಸಿಕೊಂಡವನು ಯಾರೆಂದೇ ಗೊತ್ತಿಲ್ಲ. ಗಾಡಿ ಇರುವವರೆಲ್ಲ ಸೇರಿ, ಗಾಡಿಗೆ ಸಿಕ್ಕವರ ಮನೆ ಬೀಳದಂತೆ ನೋಡಿಕೊಳ್ಳುವ ಏರ್ಪಾಡು ಅದು. ಶರಣರು ದಾಸೋಹವೆಂದದ್ದರ ಪೂರ್ಣ ಅರ್ಥ ಇದಕ್ಕೆ ಹೊಂದದು. ದಾಸೋಹ ಮನಸಾರೆ ಮಾಡುವಂಥದು, ಇದು ಕಾನೂನಿನ ಒತ್ತಾಯ. ಆದರೂ ಪಾಲು ಎತ್ತುವಾಗ ಯಾರು ಎಳೆಯ, ಯಾರು ಹಳಬ ಎಂದು ತೂಗದೆ ಇರುವ ಈಗಿನ ಪದ್ಧತಿ ಆ ಭಾಗಕ್ಕೆ ತಕ್ಕದ್ದು.

ಇಸ್ಲಾಮಿನಲ್ಲಿ ಇದೇ ಎರಡು ಭಾಗಗಳ ನಡುವೆ ಗೆರೆ ಬೇರೆ ರೀತಿಯಲ್ಲಿ ಬೀಳುತ್ತದೆ. ಜಿದ್ದಾದ ಫಿಕ್ಹ್ (ಇಸ್ಲಾಮೀ ನ್ಯಾಯಶಾಸ್ತ್ರ) ಅಕಾಡೆಮಿ 1985ರಲ್ಲಿ ವಾಣಿಜ್ಯ ವಿಮೆಯನ್ನು ನಿಷಿದ್ಧವೆಂದೂ ಪರಸ್ಪರ ಸಹಕಾರದ ವಿಮೆಯನ್ನು ಸಮ್ಮತವೆಂದೂ ನಿರ್ಣಯಿಸಿತು. ಅನಿಶ್ಚಿತ ವ್ಯವಹಾರ, ಜೂಜಿನ ಅಂಶ, ಬಡ್ಡಿ ಇವು ವಿದ್ವಾಂಸರ ಆಕ್ಷೇಪಗಳು. ಭಾರತದಲ್ಲಿ ಮೋಟಾರು ವಿಮೆಗೆ ತಕಾಫುಲ್, ಅಂದರೆ ಅಂಥ ಸಹಕಾರದ ವಿಮೆಯ, ಕಂಪನಿ ಇಲ್ಲ. ಥರ್ಡ್ ಪಾರ್ಟಿಯನ್ನು ಕಾನೂನು ಕಡ್ಡಾಯ ಮಾಡಿರುವುದರಿಂದ ಅದು ಅನಿವಾರ್ಯವೆಂದು ಬಹಳಷ್ಟು ಉಲೇಮಾಗಳು ಒಪ್ಪುತ್ತಾರೆ. ಉಳಿಯುವುದು ‘ಫುಲ್’ ಎಂಬ ಐಚ್ಛಿಕ ಭಾಗ. ಬಳ್ಳಾರಿಯ ಮುಸ್ಲಿಂ ಯುವಕನೊಬ್ಬನಿಗೆ ಕಂತಿನ ಮೊತ್ತಕ್ಕೂ ಮೊದಲೇ ಅದನ್ನು ಮಾಡಿಸಬೇಕೆ ಎಂಬುದೇ ಪ್ರಶ್ನೆಯಾಗಬಹುದು.

ವಿಮೆ ಮಾಡಿಸುವುದು ದೈವದಲ್ಲಿ ಅಪನಂಬಿಕೆಯೆ ಎಂಬ ಹಳೆಯ ಶಂಕೆ ಈಗ ಹೆಚ್ಚು ಕೇಳಿಬರುವುದಿಲ್ಲ. ಹೊಸ ಕಾರು ಬಳ್ಳಾರಿಯ ಕನಕದುರ್ಗಮ್ಮನ ಗುಡಿಗೋ ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಗೋ ಹೋಗಿ, ಗಾಲಿಯಡಿ ನಿಂಬೆಹಣ್ಣು ಹಿಂಡಿಸಿಕೊಂಡು ಬರುವಾಗ ಅದರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಪಾಲಿಸಿಯೂ ಇರುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಪುರುಷಪ್ರಯತ್ನವಿಲ್ಲದ ದೈವವನ್ನು ಒಂಟಿ ಗಾಲಿಯ ರಥಕ್ಕೆ ಹೋಲಿಸುತ್ತದೆ. ಜನ ಅದನ್ನು ಓದದೆಯೇ ಪಾಲಿಸುತ್ತಿದ್ದಾರೆ.

ಮುಂದಿನ ತೊಡಕು ಬೇರೆ ಕಡೆಯಿಂದ ಬರುತ್ತಿದೆ. ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ‘ಓಡಿಸಿದಷ್ಟಕ್ಕೆ ಕಂತು’, ‘ಓಡಿಸಿದ ರೀತಿಗೆ ಕಂತು’ ಎಂಬ ಆ್ಯಡ್-ಆನ್‌ಗಳಿಗೆ ಅನುಮತಿ ಕೊಟ್ಟಿತು. ಕಾರಿನಲ್ಲಿಟ್ಟ ಸಾಧನವೋ ಮೊಬೈಲಿನ ಆ್ಯಪೋ ವೇಗ, ಬ್ರೇಕು, ಓಡಿಸಿದ ಹೊತ್ತು ಇವನ್ನು ಬರೆದಿಡಬಲ್ಲದು. ಖಾಲಿ ಖಾತೆಯ ಹುಡುಗನಿಗೆ ಐದು ವರ್ಷ ಕಾಯದೆ ತನ್ನ ಜೋಪಾನವನ್ನು ತೋರಿಸುವ ದಾರಿ ಇದು. ವಯಸ್ಸಿನ ದರಕ್ಕಿಂತ ಎಷ್ಟೋ ಮೇಲು. ಆದರೆ ಯಂತ್ರಕ್ಕೆ ಬ್ರೇಕು ಹಾಕಿದ್ದು ಕಾಣುತ್ತದೆ, ಹಾಕಿದ ಕಾರಣ ಕಾಣುವುದಿಲ್ಲ. ಸುಗ್ಗಿಯಲ್ಲಿ ಸಿರುಗುಪ್ಪದ ಕಡೆ ರಸ್ತೆಯ ಅರ್ಧಕ್ಕೆ ಭತ್ತ ಹರವಿರುತ್ತಾರೆ, ಕತ್ತಲಾದ ಮೇಲೆ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು ಎದುರಾಗುತ್ತದೆ. ಅಲ್ಲಿ ಗಕ್ಕನೆ ಬ್ರೇಕು ತುಳಿದವನೇ ಒಳ್ಳೆಯ ಚಾಲಕ. ಅವನ ಅಂಕ ಕಳೆದು ಕಂತು ಏರಿಸಿದರೆ ಮಾಡದ ತಪ್ಪಿನ ಫಲ ಮತ್ತೆ ಅವನ ತಲೆಗೇ ಬರುತ್ತದೆ, ಈ ಸಲ ರಸ್ತೆಯ ಲೆಕ್ಕದಲ್ಲಿ. ಮನು ಕೊಟ್ಟ ಹತ್ತು ವಿನಾಯಿತಿಗಳಂಥವನ್ನು ಆ್ಯಪಿನೊಳಗೆ ಬರೆಯುವ ಕೆಲಸ ಇನ್ನೂ ಬಾಕಿಯಿದೆ.