ಗುಂಪಿನ ಎದುರು ಆಡಿದ ಮಾತು

ಒಬ್ಬನನ್ನು ಬದಿಗೆ ಕರೆದು ಹೇಳುವ ಮಾತಿಗೂ ಸಭೆಯಲ್ಲಿ ಹೇಳುವ ಮಾತಿಗೂ ಇರುವ ಅಂತರವನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ತಾಳಮದ್ದಳೆಯ ಅರ್ಥಧಾರಿ ಕೂಡ ಎದುರಿಗೆ ಯಾರು ಕುಳಿತಿದ್ದಾರೆಂದು ನೋಡಿಯೇ ಮಾತಿಗೆ ತೊಡಗುತ್ತಿದ್ದ. ಇಂದು ನಾವು ಜಗಲಿಯ ಮೂಲೆಯಲ್ಲಿ ಒಂಟಿಯಾಗಿ ಕುಳಿತು ಮೊಬೈಲಿನಲ್ಲಿ ಬರೆಯುತ್ತೇವೆ. ಅದು ಮರುಗಳಿಗೆಯಲ್ಲಿ ಸಭೆಯ ಮಾತಾಗಿರುತ್ತದೆ. ಸಾಮಾಜಿಕ ಜಾಲತಾಣಗಳ ಕುರಿತ ಚರ್ಚೆಯೆಂದರೆ ಕಾಲಹರಣ, ಕಣ್ಣಿನ ದಣಿವು, ಓದಿನಲ್ಲಿ ನಿರಾಸಕ್ತಿ ಎಂಬಲ್ಲಿಗೇ ಸಾಮಾನ್ಯವಾಗಿ ಮುಗಿಯುತ್ತದೆ. ಅವು ಸುಳ್ಳೆಂದಲ್ಲ. ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಅಧ್ಯಾಪಕನಾದ ನನ್ನನ್ನು ಕಾಡಿದ ಪ್ರಶ್ನೆ ಬೇರೆ.

ಮೊದಲು ಉಪಕಾರವನ್ನು ನೆನೆಯದಿದ್ದರೆ ಕೃತಘ್ನತೆಯಾದೀತು. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಾಗ ಅವುಗಳ ಭಾಷೆ ಮಲಯಾಳವಾಗಿತ್ತು. ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಾಠವನ್ನು ಮುಟ್ಟಿಸಲು ವಾಟ್ಸಪ್ ಗುಂಪು ಆಧಾರವಾಯಿತು. ನಾನು ದನಿಯಲ್ಲಿ ಪಾಠ ಕಳುಹಿಸುತ್ತಿದ್ದೆ, ಮಕ್ಕಳು ನೋಟು ಪುಸ್ತಕದ ಚಿತ್ರ ಕಳುಹಿಸುತ್ತಿದ್ದರು. ಬರೆಯಲು ಬಾರದ, ಬೀಡಿ ಕಟ್ಟುವ ತಾಯಂದಿರು ತುಳುವಿನಲ್ಲಿ ಮಾತನಾಡಿ ಕಳುಹಿಸಿದರು. ಶಾಲೆಯ ಮೆಟ್ಟಿಲು ಹತ್ತಲು ಸಂಕೋಚಪಡುತ್ತಿದ್ದ ಆ ದನಿಗಳನ್ನು ನಾನು ಮೊದಲ ಬಾರಿಗೆ ಕೇಳಿದ್ದು ಆಗಲೇ. ಗಲ್ಫಿನಲ್ಲಿ ದುಡಿಯುವ ಒಬ್ಬ ತಂದೆ, ಮಗನ ಅಕ್ಷರ ಹೀಗಿದೆಯೆಂದು ತಾನು ನೋಡಿದ್ದೇ ಈಗ ಎಂದಿದ್ದರು.

ವೃತ್ತಿಯಲ್ಲಿಯೂ ಹಾಗೆಯೇ. ಮಲಯಾಳದಲ್ಲಿ ಬರುವ ಆದೇಶಗಳನ್ನು ನಮ್ಮ ಅಧ್ಯಾಪಕರ ಗುಂಪಿನಲ್ಲಿ ಒಬ್ಬ ಕಿರಿಯ ಮಿತ್ರರು ರಾತ್ರಿ ಕುಳಿತು ಕನ್ನಡಕ್ಕೆ ತಂದು ಹಾಕುತ್ತಾರೆ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಹಂಚಿಹೋಗಿರುವ ನಾವು ಪ್ರಶ್ನೆಪತ್ರಿಕೆಯನ್ನೋ ಪಾಠದ ಟಿಪ್ಪಣಿಯನ್ನೋ ಪರಸ್ಪರ ಪಡೆಯುತ್ತೇವೆ. (ಅನುವಾದಕ್ಕೆ ಧನ್ಯವಾದ ಹೇಳುವವರು ಕಡಿಮೆ, ಒಂದು ಒತ್ತಕ್ಷರ ತಪ್ಪಿದರೆ ತಿದ್ದುವವರು ಹತ್ತು ಮಂದಿ.) ರಾತ್ರಿ ಒಂಬತ್ತಕ್ಕೆ ಬರುವ ಸೂಚನೆಗೆ ಹೆಬ್ಬೆರಳು ಒತ್ತದಿದ್ದವನು ಸೋಮಾರಿ ಎನಿಸಿಕೊಳ್ಳುವ ಕಿರಿಕಿರಿಯೂ ಅಲ್ಲಿಯೇ ಇದೆ.

ತಪ್ಪು ನಡೆದುದು ಶಾಲೆಗಳು ಮತ್ತೆ ತೆರೆದ ಮೇಲೆ, ನನ್ನಿಂದಲೇ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯನ್ನು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಕಳುಹಿಸಲು ಬೇಸರವಾಗಿ, ಇಡೀ ಹಾಳೆಯ ಚಿತ್ರ ತೆಗೆದು ತರಗತಿಯ ಗುಂಪಿಗೆ ಹಾಕಿದೆ. ಸಮಯ ಉಳಿಯಿತು. ಕೊನೆಯ ಹೆಸರು ಆ ಗಲ್ಫಿನ ತಂದೆಯ ಮಗನದು. ಯಾರೋ ಅದರ ಕೆಳಗೆ ನಗುವ ಮುಖವೊಂದನ್ನು ಹಾಕಿದರು. ಉಳಿದವರು ಏನೂ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಅದೇ ರಾತ್ರಿ ತಂದೆ ಮನೆಗೆ ಕರೆ ಮಾಡಿದರು. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಮಗನ ಅಕ್ಷರ ಕಂಡು ಹಿಗ್ಗಲು ಆ ತಂದೆಗೆ ತೆರೆದಿದ್ದ ಕಿಟಕಿಯಲ್ಲಿಯೇ ಮಗನ ಅವಮಾನವೂ ಕಂಡಿತು. ಹಿಂದೆ ನಾವು ಅಂಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತಿರಲಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಸಮಾಧಾನಪಡಿಸಿದರು. ಓದುತ್ತಿದ್ದೆವು, ನಿಜ. ಆದರೆ ಆ ಮಾತು ಸಂಜೆಯ ಗಂಟೆಯೊಡನೆ ಚದುರಿಹೋಗುತ್ತಿತ್ತು. ತರಗತಿಯಲ್ಲಿ ನಕ್ಕ ಹುಡುಗನನ್ನು ನಾನು ಗದರಿಸುತ್ತಿದ್ದೆ. ಈ ಪಟ್ಟಿಯೋ ನಲವತ್ತು ಮನೆಗಳ ಮೊಬೈಲಿನಲ್ಲಿ ಉಳಿಯಿತು. ನಕ್ಕವರು ದೊಡ್ಡವರು, ನಾನು ಗದರಿಸಲಿಲ್ಲ.

ಗುಂಪಿನ ಸದಸ್ಯನೊಬ್ಬ ಹಾಕಿದ ಆಕ್ಷೇಪಾರ್ಹ ಬರಹಕ್ಕೆ ಅದರ ಅಡ್ಮಿನ್ ಹೊಣೆಯಾಗಲಾರನೆಂದು ಕೇರಳ ಉಚ್ಚ ನ್ಯಾಯಾಲಯ 2022ರಲ್ಲಿ ತೀರ್ಪಿತ್ತಿದೆ. ಕಾನೂನಿಗೆ ಅದು ಸರಿಯೇ. ಇತರರ ಬಾಯಿಯನ್ನು ಯಾರು ತಾನೇ ಹಿಡಿಯಬಲ್ಲರು? ಆದರೆ ಚಾಪೆ ಹಾಸಿ ನಲವತ್ತು ಮನೆಯವರನ್ನು ಕುಳ್ಳಿರಿಸಿದವನು ನಾನು. ಅಲ್ಲೊಬ್ಬ ಮಗು ನಗೆಗೀಡಾದಾಗ ನ್ಯಾಯಾಲಯ ನನ್ನನ್ನು ಕೇಳದು ಎಂದು ಸುಮ್ಮನಿರಬಹುದೇ? ಗುಂಪಿನಲ್ಲಿ ಮೌನವಾಗಿರುವುದು ಬಹು ಸುಲಭ. ನೋಡಿಲ್ಲವೆನ್ನಬಹುದು, ನೆಟ್‌ವರ್ಕ್ ಇರಲಿಲ್ಲವೆನ್ನಬಹುದು. ನನಗೆ ಆ ನೆಪವೂ ಇರಲಿಲ್ಲ. ನಗುವ ಮುಖವನ್ನು ನಾನು ನೋಡಿದ್ದೆ, ಯಾರದೆಂದೂ ತಿಳಿದಿತ್ತು. ಅವರು ಶಾಲೆಗೆ ಬೇಕಾದವರು.

ಐದನೆಯ ದಿನ ಹುಡುಗನ ಮನೆಗೆ ಹೋದೆ. ತಾಯಿ ಬೀಡಿಯ ಮೊರವನ್ನು ಬದಿಗಿಟ್ಟು ಚಾ ತಂದರು, ದೂರಲಿಲ್ಲ. ಹುಡುಗ ಒಳಗಿನಿಂದ ಬರಲಿಲ್ಲ. ಅಂದು ರಾತ್ರಿ ಪಟ್ಟಿ ಹಾಕಿದ್ದು ನನ್ನ ತಪ್ಪೆಂದು ಅದೇ ಗುಂಪಿನಲ್ಲಿ ಬರೆದೆ. ಖಾಸಗಿಯಾಗಿ ಹೇಳಿದ್ದರೆ ಸಾಲದೇ ಎಂದು ಬಹಳ ಹೊತ್ತು ಯೋಚಿಸಿದ್ದುಂಟು. ಬರೆದುದನ್ನು ಎರಡು ಬಾರಿ ಅಳಿಸಿಯೂ ಇದ್ದೆ. ಮರುದಿನ ಹುಡುಗ ಬಂದ, ನನ್ನನ್ನು ನೋಡದೆ ಹಿಂದಿನ ಬೆಂಚಿನಲ್ಲಿ ಕುಳಿತ.

ಗುಂಪು ಈಗಲೂ ಇದೆ. ಪಾಠ, ರಜೆ, ಬಸ್ಸಿನ ಸುದ್ದಿ ಎಲ್ಲವೂ ಅದರಲ್ಲಿಯೇ. ಅಂಕಗಳನ್ನು ಚೀಟಿಯಲ್ಲಿ ಬರೆದು ಮಡಚಿ ಕೊಡುತ್ತೇನೆ; ಅದಕ್ಕೆ ಎರಡು ಸಂಜೆ ಬೇಕು. ಪ್ರತಿ ಪರೀಕ್ಷೆಯ ನಂತರ ಯಾರಾದರೊಬ್ಬರು ಗುಂಪಿನಲ್ಲಿ ಕೇಳುತ್ತಾರೆ, “ಮಾಷ್ಟ್ರೇ, ಈ ಸಲ ಯಾರು ಫಸ್ಟ್?” ಕಳೆದ ಬಾರಿ ಕೇಳಿದವರು ಗಲ್ಫಿನ ಆ ತಂದೆಯೇ.